ಜ್ವರ ಬಂದದ್ದು ನಿನಗೆ, ಹಾಲಿಗಲ್ಲ

ಸಾಗರ
ಶ್ರಾವಣ ಮಾಸ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ಕರೆಂಟ್ ಇರುವುದಿಲ್ಲ. ನಿನ್ನೆ ರಾತ್ರಿ ನಿನ್ನ ಫೋನ್ ಅರ್ಧಕ್ಕೇ ಕಡಿದುಹೋದದ್ದೂ ಅದಕ್ಕೇ. ಆದರೂ ಕೇಳಿಸಬೇಕಾದ್ದು ಕೇಳಿಸಿತು. ನಿನಗೆ ಮೊನ್ನೆಯಿಂದ ಜ್ವರ, ಕೆಮ್ಮು, ಮೈಕೈ ನೋವು. ಡಾಕ್ಟರು ಫ್ಲೂ ಇರಬಹುದು ಎಂದಿದ್ದಾರೆ, ಡೆಂಗ್ಯೂ ಪರೀಕ್ಷೆಗೂ ರಕ್ತ ಕೊಟ್ಟು ಬಂದಿದ್ದೀಯ. ಮಗುವಿಗೆ ಈಗಷ್ಟೇ ಎರಡೂವರೆ ತಿಂಗಳು. ನಿನ್ನ ಅತ್ತೆಯವರು “ಜ್ವರದ ಹಾಲು ಕೂಸಿಗೆ ಆಗಿಬರಲ್ಲ, ಮೈ ತಣ್ಣಗಾಗುವವರೆಗೆ ಡಬ್ಬಿ ಹಾಲು ಕೊಡೋಣ” ಎಂದು ಪುಡಿ ಹಾಲಿನ ಡಬ್ಬಿ ತರಿಸಿಟ್ಟಿದ್ದಾರೆ. ನೀನು ಅಳುತ್ತ ಕೇಳಿದೆ, “ಏನು ಮಾಡಲಿ ದೊಡ್ಡಮ್ಮಾ?”

ಲೈನ್ ಕಡಿಯುವ ಮುಂಚೆ “ಕೊಡು ಮಾರಾಯ್ತಿ, ನಿಲ್ಲಿಸಬೇಡ” ಎಂದದ್ದು ಕೇಳಿಸಿತೋ ಇಲ್ಲವೋ. ಯಾಕೆ ನಿಲ್ಲಿಸಬಾರದು ಎಂಬುದನ್ನು ಸಮಾಧಾನವಾಗಿ ಬರೆಯುತ್ತೇನೆ. ಇಷ್ಟು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಿವೃತ್ತಿಯಾದ ಮೇಲೆ ಇಷ್ಟಾದರೂ ಉಪಯೋಗಕ್ಕೆ ಬರಬೇಡವೇ? ಇದನ್ನು ನಿನ್ನ ಅತ್ತೆಯವರಿಗೂ ಓದಿ ಹೇಳು. ಅವರು ಹೇಳಿದ್ದು ಮೊಮ್ಮಗುವಿನ ಮೇಲಿನ ಪ್ರೀತಿಯಿಂದ. ಅದರಲ್ಲಿ ನನಗೆ ಸಂಶಯವಿಲ್ಲ. ಜಗಳಕ್ಕೆ ಹೋಗಬೇಡ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೋ. ಜ್ವರ ಬಂದರೆ ಹಾಲು ಕೆಡುವುದಿಲ್ಲ, ಕಾಯುವುದಿಲ್ಲ, ವಿಷವಾಗುವುದಿಲ್ಲ. ಶೀತ, ಕೆಮ್ಮು, ಫ್ಲೂ ಇವುಗಳ ವೈರಸ್ ಹರಡುವುದು ಉಸಿರಿನ ಹನಿಯಿಂದ, ಮೂಗು ಒರೆಸಿದ ಕೈಯಿಂದ. ಹಾಲಿನಿಂದಲ್ಲ. ಫ್ಲೂ ಬಂದವರು ಜ್ವರ ಕಾಣಿಸಿಕೊಳ್ಳುವ ಒಂದು ದಿನ ಮುಂಚಿನಿಂದಲೇ ಅದನ್ನು ಹರಡಬಲ್ಲರು. ಅಂದರೆ ನಿನಗೆ ಮೈ ಬಿಸಿ ಎನ್ನಿಸುವ ಹೊತ್ತಿಗಾಗಲೇ, ಮಡಿಲಲ್ಲೇ ಇರುವ ಮಗುವಿಗೆ ಆ ವೈರಸ್ ಮುಖಾಮುಖಿಯಾಗಿರುತ್ತದೆ. ಆಮೇಲೆ ಹಾಲು ಬಿಡಿಸಿದರೆ ರೋಗ ತಪ್ಪುವುದಿಲ್ಲ, ಮದ್ದು ಮಾತ್ರ ತಪ್ಪುತ್ತದೆ.

ಮದ್ದು ಎಂದೆನಲ್ಲ, ಅದು ಅಲಂಕಾರಕ್ಕೆ ಹೇಳಿದ ಮಾತಲ್ಲ. ನಿನ್ನ ಗಂಟಲಿಗೋ ಕರುಳಿಗೋ ಒಂದು ರೋಗಾಣು ಬಂದಿತು ಎಂದುಕೋ. ಅಲ್ಲಿ ಕಾವಲಿರುವ ಬಿಳಿ ರಕ್ತಕಣಗಳು ಅದರ ಗುರುತು ಹಿಡಿಯುತ್ತವೆ. ಅವುಗಳಲ್ಲಿ ಕೆಲವು ರಕ್ತದ ಮೂಲಕ ಎದೆಗೆ ಬಂದು ಸೇರಿ, ಅದೇ ರೋಗಾಣುವಿಗೆ ತಕ್ಕ ಪ್ರತಿಕಾಯಗಳನ್ನು ಅಲ್ಲೇ ತಯಾರಿಸುತ್ತವೆ. ಐಜಿಎ ಎಂಬ ಈ ಪ್ರತಿಕಾಯ ಹಾಲಿನಲ್ಲಿ ಇಳಿದು ಮಗುವಿನ ಬಾಯಿ, ಗಂಟಲು, ಕರುಳಿನ ಒಳಗೋಡೆಗೆ ಲೇಪದ ಹಾಗೆ ಹರಡಿಕೊಂಡು, ರೋಗಾಣು ಅಂಟಿಕೊಳ್ಳದಂತೆ ತಡೆಯುತ್ತದೆ. ಎರಡೂವರೆ ತಿಂಗಳ ಕೂಸಿಗೆ ಇದನ್ನೆಲ್ಲ ತಾನೇ ಮಾಡಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೆರಿಗೆಗೆ ಮುಂಚೆ ಹೊಕ್ಕುಳಬಳ್ಳಿಯ ಮೂಲಕ ನೀನು ಕೊಟ್ಟದ್ದು, ಹೆರಿಗೆಯ ನಂತರ ಹಾಲಿನಲ್ಲಿ ಕೊಡುತ್ತಿರುವುದು, ಇವೆರಡೇ ಅದರ ಆಸ್ತಿ. ತಾಯಿಗೋ ಮಗುವಿಗೋ ಸೋಂಕು ತಗಲಿದಾಗ ಹಾಲಿನಲ್ಲಿರುವ ಬಿಳಿ ಕಣಗಳ ಸಂಖ್ಯೆ ಏರುವುದನ್ನೂ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಯಾವ ಡಬ್ಬಿಯ ಮೇಲೆ ಏನೇ ಬರೆದಿರಲಿ, ನಿನ್ನ ಮನೆಗೆ ಈ ವಾರ ಬಂದ ವೈರಸ್ಸಿನ ಪ್ರತಿಕಾಯ ಆ ಡಬ್ಬಿಯೊಳಗೆ ಇರುವುದಿಲ್ಲ.

ಹಾಗಾದರೆ ಕಾಯಬೇಕಾದ್ದು ಯಾವುದನ್ನು? ಉಸಿರು ಮತ್ತು ಕೈ. ಮಗುವನ್ನು ಎತ್ತಿಕೊಳ್ಳುವ ಮುಂಚೆ ಸೋಪು ಹಚ್ಚಿ ಕೈ ತೊಳೆ. ಹಾಲುಣಿಸುವಾಗ ಮಾಸ್ಕ್ ಹಾಕಿಕೋ, ಇಲ್ಲವೇ ಶುಭ್ರವಾದ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೋ. ಕೆಮ್ಮು ಬಂದರೆ ಮುಖ ಆಚೆ ತಿರುಗಿಸು. ಮುತ್ತು ಕೊಡುವ ಆಸೆಯನ್ನು ನಾಲ್ಕು ದಿನ ತಡೆದುಕೋ. ಹಾಲು ಕುಡಿದಾದ ಮೇಲೆ ಮಗುವನ್ನು ಅತ್ತೆಯವರ ಕೈಗೋ ಗಂಡನ ಕೈಗೋ ಕೊಟ್ಟು ನೀನು ಮಲಗು. 2020ರಲ್ಲಿ ಕೋವಿಡ್ ಬಂದಾಗ ಜಗತ್ತಿಗೇ ಈ ಗೊಂದಲ ಹಿಡಿದಿತ್ತು. ಹೆತ್ತ ಗಳಿಗೆಯಲ್ಲೇ ಮಗುವನ್ನು ಬೇರೆ ಕೋಣೆಗೆ ಒಯ್ದ ಆಸ್ಪತ್ರೆಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಆ ವರ್ಷವೇ ಹೇಳಿತು: ಸೋಂಕಿದ್ದರೂ ತಾಯಿ ಮಗು ಜೊತೆಗಿರಲಿ, ಮಾಸ್ಕ್ ಹಾಕಿ, ಕೈ ತೊಳೆದು ಹಾಲುಣಿಸಲಿ. ಲಸಿಕೆ ಬಂದಾಗಲೂ ಹಾಗೇ ಆಯಿತು. 2021ರ ಜನವರಿಯಲ್ಲಿ ನಮ್ಮ ದೇಶದಲ್ಲಿ ಲಸಿಕೆ ಶುರುವಾದಾಗ ಹಾಲುಣಿಸುವ ತಾಯಂದಿರನ್ನು ಹೊರಗಿಟ್ಟಿದ್ದರು. ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಅವರೂ ಹಾಕಿಸಿಕೊಳ್ಳಲಿ ಎಂದಿತು. ಅನುಮಾನ ಬಂದ ಕೂಡಲೇ ಮೊದಲು ತಾಯಿಯ ಹಾಲನ್ನು ನಿಲ್ಲಿಸಿ, ಆಮೇಲೆ ಯೋಚಿಸುವ ಚಾಳಿ ಮನೆಯಲ್ಲಷ್ಟೇ ಅಲ್ಲ, ದೊಡ್ಡ ದೊಡ್ಡ ಕಡೆಯೂ ಇದೆ.

“ಎರಡು ದಿನ ನಿಲ್ಲಿಸಿದರೆ ಏನು ಮಹಾ” ಎಂದು ಕೇಳುವವರಿದ್ದಾರೆ. ಆಗುವುದೇನೆಂದು ಹೇಳುತ್ತೇನೆ. ಮಗು ಕುಡಿಯದಿದ್ದರೆ ಎದೆಯಲ್ಲಿ ಹಾಲು ಕಟ್ಟುತ್ತದೆ, ಗಂಟಾಗುತ್ತದೆ, ಮೊದಲೇ ಜ್ವರವಿರುವ ಮೈಗೆ ಇನ್ನೊಂದು ಜ್ವರ ಸೇರುತ್ತದೆ. ಕುಡಿದಷ್ಟೂ ಹಾಲು ಊರುವುದು, ಕುಡಿಯದೆ ಬಿಟ್ಟರೆ ಬತ್ತುವುದು ದೇಹದ ಲೆಕ್ಕ. ಬಾಟಲಿಯ ನಿಪ್ಪಲ್ ರುಚಿ ಕಂಡ ಕೂಸು ಎದೆಗೆ ಬಂದಾಗ ತಗಾದೆ ಮಾಡಬಹುದು. ಪುಡಿ ಹಾಲನ್ನು ಕಲಸಲು ಕುದಿಸಿದ ನೀರು ಬೇಕು, ಬಾಟಲಿ ಕುದಿಸಬೇಕು, ಅಳತೆ ಸರಿಯಿರಬೇಕು. ಮನೆಯಲ್ಲಿ ಜ್ವರದ ಗಲಾಟೆಯಿರುವಾಗ ಇವುಗಳಲ್ಲೊಂದು ತಪ್ಪಿದರೂ ಮಗುವಿಗೆ ಭೇದಿ. ಇಂಥ ಹಾಲಿನ ಜಾಹೀರಾತು ಹಾಕಬಾರದು, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚಬಾರದು ಎಂದು 1992ರಲ್ಲೇ ನಮ್ಮಲ್ಲಿ ಕಾನೂನಾಗಿದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಡಬ್ಬಿ ಹಾಲು ಬೇಕೇ ಬೇಕಾದ ಮಕ್ಕಳಿದ್ದಾರೆ, ಅವರಿಗೆ ಅದು ಇರಲಿ. ನಿನ್ನ ಮಗುವಿಗೆ ಈಗ ಅದರ ಅಗತ್ಯವಿಲ್ಲ.

ಇನ್ನು ಔಷಧಿಯ ಮಾತು. ನಿನ್ನನ್ನು ಕೇಳಿದೆ, “ಹಾಲುಣಿಸುವವಳು ಅಂತ ಡಾಕ್ಟರಿಗೆ ಹೇಳಿದೆಯಾ?” ನೀನು ಅಂದೆ, “ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.” ನನಗೆ ಸಿಟ್ಟು ಬಂದದ್ದು ಇದೊಂದಕ್ಕೇ. ಇನ್ನು ಮುಂದೆ ಹಲ್ಲಿನ ಡಾಕ್ಟರಿರಲಿ, ಕಣ್ಣಿನ ಡಾಕ್ಟರಿರಲಿ, ಕುರ್ಚಿಯಲ್ಲಿ ಕೂತ ತಕ್ಷಣ ಮಗುವಿಗೆ ಎಷ್ಟು ತಿಂಗಳು, ಹಾಲುಣಿಸುತ್ತಿದ್ದೇನೆ ಎಂಬೆರಡು ಮಾತು ಹೇಳು. “ಹಾಲು ನಿಲ್ಲಿಸಲೇ?” ಎಂದು ಕೇಳಬೇಡ. ಹಾಗೆ ಕೇಳಿದರೆ ಅವಸರದಲ್ಲಿರುವವರು “ಹೂಂ, ನಿಲ್ಲಿಸಿ” ಎಂದುಬಿಡುತ್ತಾರೆ. “ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿ ಬರೆಯಿರಿ” ಎಂದು ಕೇಳು. ಆಗ ಅವರೂ ಒಂದು ಗಳಿಗೆ ಯೋಚಿಸಿ ಬರೆಯುತ್ತಾರೆ.

ನಾವು ನುಂಗುವ ಹೆಚ್ಚಿನ ಮಾತ್ರೆಗಳು ಹಾಲಿಗೆ ಇಳಿಯುವುದು ಬಹಳ ಕಡಿಮೆ ಪ್ರಮಾಣದಲ್ಲಿ. ತಾಯಿಯ ತೂಕಕ್ಕೆ ಬೀಳುವ ಡೋಸಿನ ಶೇ. 10ಕ್ಕಿಂತ ಕಡಿಮೆ ಮಗುವಿನ ತೂಕಕ್ಕೆ ಬೀಳುವಂತಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ ಎಂಬುದು ಔಷಧಿ ಬಲ್ಲವರ ಒಂದು ಅಳತೆಗೋಲು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಹಾಲಿಗೆ ಬರುವುದು, ಮಗುವಿಗೇ ಜ್ವರ ಬಂದಾಗ ನಾವು ಹನಿ ಹನಿಯಾಗಿ ಕೊಡುವುದಕ್ಕಿಂತಲೂ ಎಷ್ಟೋ ಕಡಿಮೆ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ನಂಥ ಆಂಟಿಬಯೋಟಿಕ್‌ಗಳೂ ನಡೆಯುತ್ತವೆ. ಮಗುವಿಗೆ ಸ್ವಲ್ಪ ತೆಳ್ಳಗೆ ಮಲ ಹೋಗಬಹುದು, ಅಷ್ಟೆ. ನೋವಿಗೆ ಐಬುಪ್ರೊಫೆನ್ ಕೂಡ ಹಾಲಿನ ಲೆಕ್ಕದಲ್ಲಿ ಸುರಕ್ಷಿತವೇ. ಆದರೆ ನೀನು ಈಗ ಅದನ್ನು ಮುಟ್ಟಬೇಡ. ಡೆಂಗ್ಯೂ ಇಲ್ಲ ಎಂದು ಖಾತ್ರಿಯಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಆ ಅಪಾಯ ನಿನಗೆ, ಹಾಲಿಗಲ್ಲ. ಪರೀಕ್ಷೆಯಲ್ಲಿ ಡೆಂಗ್ಯೂ ಎಂದೇ ಬಂದರೂ ಹಾಲುಣಿಸುವುದನ್ನು ಬಿಡಬೇಕಿಲ್ಲ, ಸೊಳ್ಳೆ ಪರದೆಯೊಳಗೆ ಇಬ್ಬರೂ ಮಲಗಿ.

ಮೆಡಿಕಲ್ ಶಾಪಿನವನು ತಾನಾಗಿ ಕೊಡುವ ಶೀತದ ಮಾತ್ರೆ, ಕೆಮ್ಮಿನ ಸಿರಪ್ಪು ನನ್ನ ಮಟ್ಟಿಗೆ ದೊಡ್ಡ ತಲೆನೋವು. ಒಂದೇ ಮಾತ್ರೆಯಲ್ಲಿ ಮೂರು ನಾಲ್ಕು ಔಷಧಿ ಸೇರಿಸಿರುತ್ತಾರೆ. ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ನೀನು ಬೇರೆಯಾಗಿ ನುಂಗಿದ್ದೂ ಅದೇ, ಡೋಸ್ ಎರಡರಷ್ಟಾಗುತ್ತದೆ. ಮೂಗು ಕಟ್ಟಿದ್ದಕ್ಕೆ ಹಾಕುವ ಸ್ಯೂಡೊಎಫೆಡ್ರಿನ್ ಹಾಲಿನ ಪ್ರಮಾಣವನ್ನೇ ಇಳಿಸುತ್ತದೆ. ನಿದ್ದೆ ಬರಿಸುವ ಅಲರ್ಜಿ ಮಾತ್ರೆಯಿಂದ ಮಗುವೂ ಮಂಕಾಗಬಹುದು. ಕೊಡೀನ್ ಇರುವ ಸಿರಪ್ ಖಂಡಿತ ಬೇಡ. ಅದು ದೇಹದೊಳಗೆ ಮಾರ್ಫಿನ್ ಆಗಿ ಬದಲಾಗುತ್ತದೆ, ಕೆಲವರಲ್ಲಿ ಬಹಳ ಬೇಗ ಬದಲಾಗಿ ಹಾಲಿನ ಮೂಲಕ ಮಗುವಿನ ಉಸಿರಾಟಕ್ಕೇ ಕುತ್ತು ತರುತ್ತದೆ. ಕೊಡೀನ್, ಟ್ರಮಡಾಲ್ ಎರಡನ್ನೂ ಹಾಲುಣಿಸುವವರಿಗೆ ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಮೂಗಿಗೆ ಉಪ್ಪು ನೀರಿನ ಹನಿ, ಬಿಸಿ ನೀರಿನ ಹಬೆ, ಗಂಟಲಿಗೆ ಉಪ್ಪು ನೀರಿನ ಮುಕ್ಕಳಿಕೆ ಸಾಕು. ಶುಂಠಿ, ಕಾಳುಮೆಣಸು, ಜೀರಿಗೆಯ ಕಷಾಯ ಅತ್ತೆಯವರು ಮಾಡಿಕೊಟ್ಟರೆ ಕುಡಿ. ಆದರೆ ಯಾರೋ ಕೊಟ್ಟ ಹೆಸರಿಲ್ಲದ ಭಸ್ಮ, ಚೂರ್ಣ ತಿನ್ನಬೇಡ. ಸೀಸ, ಪಾದರಸ ಸೇರಿರುವಂಥವು ಅವುಗಳಲ್ಲಿವೆ.

ಹಾಲು ಕಟ್ಟಿದರೆ ಏನು ಮಾಡಬೇಕು ಎಂಬುದನ್ನೂ ಈಗಲೇ ತಿಳಿದುಕೋ, ಬಾಣಂತಿಯ ಜ್ವರಕ್ಕೆ ಎಷ್ಟೋ ಸಲ ಅದೇ ಕಾರಣ. ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಮುಟ್ಟಿದರೆ ಜೀವ ಹೋದಂತಾಗಿ, ಚಳಿ ಜ್ವರ ಬಂದರೆ ಅದು ಮೊಲೆ ಬಾವು. ಆಗ ಸುತ್ತಲಿನವರು ಹೇಳುವ ಮೊದಲ ಮಾತೇ “ಆ ಕಡೆಯದು ಕೊಡಬೇಡ, ಕೀವಿನ ಹಾಲು.” ನಮ್ಮೂರ ಕೊಟ್ಟಿಗೆ ಕಂಡವರಿಗೆ ಇದು ತಪ್ಪೆಂದು ಹೇಳಿಕೊಡಬೇಕಿಲ್ಲ. ಕೆಚ್ಚಲು ಬಾವು ಬಂದ ಹಸುವನ್ನು ಹಿಂಡದೆ ಬಿಟ್ಟರೆ ಕೆಚ್ಚಲು ಕಲ್ಲಾಗುತ್ತದೆ. ನಿನಗೂ ಹಾಗೇ, ಕುಡಿಸುವುದನ್ನು ನಿಲ್ಲಿಸಿದರೆ ಬಾವು ಏರಿ ಕೀವುಗಟ್ಟುತ್ತದೆ. ಆ ಎದೆಯ ಹಾಲು ಮಗುವಿಗೆ ಕೇಡಲ್ಲ, ರುಚಿ ಸ್ವಲ್ಪ ಉಪ್ಪಾಗಿರಬಹುದು. ಮಗು ಕೇಳಿದಾಗಲೆಲ್ಲ ಕೊಡು. ಹಾಗೆಂದು ಪಂಪ್ ಹಚ್ಚಿ ಕೊನೆಯ ಹನಿಯವರೆಗೂ ಹಿಂಡಲು ಹೋಗಬೇಡ. ಅತಿಯಾಗಿ ಹಿಂಡಿದರೆ ಇನ್ನಷ್ಟು ಊರಿ ಬಾವು ಹೆಚ್ಚುತ್ತದೆ. ಬಿಸಿ ಶಾಖ ಕೊಟ್ಟು ಗಟ್ಟಿಯಾಗಿ ತಿಕ್ಕುವುದು ನಮ್ಮ ಕಾಲದ ಪದ್ಧತಿ. ಈಗಿನ ತಜ್ಞರು ತಣ್ಣನೆಯ ಬಟ್ಟೆ ಹಾಕಿ, ಮೃದುವಾಗಿ ಸವರಿ ಸಾಕು ಎನ್ನುತ್ತಾರೆ. ಒಂದು ದಿನದಲ್ಲಿ ಇಳಿಯದಿದ್ದರೆ ಡಾಕ್ಟರು ಆಂಟಿಬಯೋಟಿಕ್ ಕೊಡುತ್ತಾರೆ, ಕೋರ್ಸ್ ಪೂರ್ತಿ ಮುಗಿಸಬೇಕು. ಕೀವು ತುಂಬಿದ್ದರೆ ಸೂಜಿಯಿಂದ ತೆಗೆಯುತ್ತಾರೆ, ಆಗಲೂ ಹಾಲುಣಿಸಬಹುದು.

ನಿನ್ನದು ಸಣ್ಣ ಜ್ವರ. ಇದಕ್ಕಿಂತ ದೊಡ್ಡ ಕಾಯಿಲೆಯ ತಾಯಂದಿರೂ ಹಾಲುಣಿಸಿದ್ದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಟೈಫಾಯಿಡ್ ಆದವರು ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಲೇ ಉಣಿಸುತ್ತಾರೆ. ವಾಂತಿ ಭೇದಿಯಾದವರು ಓಆರ್‌ಎಸ್ ಕುಡಿಯುತ್ತ ಉಣಿಸುತ್ತಾರೆ. ಕ್ಷಯವಿದ್ದರೂ ಅಷ್ಟೆ. ಶ್ವಾಸಕೋಶದ ಕ್ಷಯ ಕೆಮ್ಮಿನಿಂದ ಹರಡುತ್ತದೆಯೇ ಹೊರತು ಹಾಲಿನಿಂದಲ್ಲ. ತಾಯಿ ಮಾತ್ರೆ ನುಂಗುತ್ತ, ಮಾಸ್ಕ್ ಕಟ್ಟಿಕೊಂಡು ಕುಡಿಸಬೇಕು. ಮಗುವಿಗೆ ಕ್ಷಯವಿಲ್ಲವೆಂದು ನೋಡಿಕೊಂಡು ಅದಕ್ಕೂ ತಡೆ ಔಷಧಿ ಕೊಡುತ್ತಾರೆ. ಹೆಪಟೈಟಿಸ್ ಬಿ ಇರುವ ತಾಯಿಯ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಬಿದ್ದರೆ ಹಾಲಿಗೆ ಅಡ್ಡಿಯಿಲ್ಲ. ಎಚ್‌ಐವಿ ಇದ್ದರೂ, ತಾಯಿ ಒಂದು ದಿನವೂ ತಪ್ಪದೆ ಎಆರ್‌ಟಿ ಮಾತ್ರೆ ತೆಗೆದುಕೊಂಡು, ಮಗುವಿಗೆ ಹೇಳಿದಷ್ಟು ವಾರ ನೆವಿರಾಪಿನ್ ಸಿರಪ್ ಕೊಟ್ಟು, ಮೊದಲ 6 ತಿಂಗಳು ಬರೀ ಎದೆಹಾಲು ಕುಡಿಸಬಹುದು ಎಂಬುದು ನಮ್ಮ ದೇಶದ ನಿಯಮ. ಅಲ್ಲಿ ಅಪಾಯ ಹೆಚ್ಚುವುದು ಒಂದು ಹೊತ್ತು ಎದೆಹಾಲು, ಇನ್ನೊಂದು ಹೊತ್ತು ಡಬ್ಬಿ ಹಾಲು ಎಂದು ಬೆರಕೆ ಮಾಡಿದಾಗ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯಿಡ್ ಇರುವವರಿಗೂ ಹೊಂದುವ ಔಷಧಿಗಳಿವೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಮಾಡಿಸಿದರೂ ಹಾಲು ಚೆಲ್ಲಬೇಕಿಲ್ಲ.

ನಿಲ್ಲಿಸಲೇಬೇಕಾದ ಸಂದರ್ಭಗಳು ಇಲ್ಲವೆಂದಲ್ಲ, ಬೆರಳಲ್ಲಿ ಎಣಿಸುವಷ್ಟು. ಕ್ಯಾನ್ಸರಿಗೆ ಕೀಮೋಥೆರಪಿ ನಡೆಯುತ್ತಿದ್ದರೆ, ಥೈರಾಯಿಡ್ಡಿಗೆ ವಿಕಿರಣವುಳ್ಳ ಅಯೋಡಿನ್ ಕೊಡುವುದಿದ್ದರೆ ಹಾಲು ಬಿಡಿಸಲೇಬೇಕು. ಎದೆಯ ತೊಟ್ಟಿನ ಬಳಿ ಹರ್ಪಿಸ್ ಗುಳ್ಳೆಯಿದ್ದರೆ ಅದು ಮಾಯುವವರೆಗೆ ಆ ಕಡೆಯದು ಬೇಡ. ಹೆರಿಗೆಯ ಹಿಂದುಮುಂದಿನ ದಿನಗಳಲ್ಲೇ ತಾಯಿಗೆ ಸಿಡುಬಿನಂಥ ಚಿಕನ್‌ಪಾಕ್ಸ್ ಎದ್ದರೆ ಮಗುವನ್ನು ಕೆಲ ದಿನ ಬೇರೆ ಇಟ್ಟು, ಹಿಂಡಿದ ಹಾಲನ್ನು ಕೊಡಿಸುತ್ತಾರೆ. ಮಲೇರಿಯಾಕ್ಕೆ ಬರೆಯುವ ಪ್ರೈಮಾಕ್ವಿನ್ ಮಾತ್ರೆಯನ್ನು 6 ತಿಂಗಳೊಳಗಿನ ಮಗುವಿರುವವರಿಗೆ ಕೊಡುವುದಿಲ್ಲ, ಬೇರೆ ದಾರಿ ನೋಡುತ್ತಾರೆ. ಇಂಥದ್ದು ಬಂದಾಗ ತೀರ್ಮಾನ ಡಾಕ್ಟರದ್ದು, ಪಕ್ಕದ ಮನೆಯವರದ್ದಲ್ಲ. ಹಾಗೆ ನಿಲ್ಲಿಸಬೇಕಾಗಿ ಬಂದ ತಾಯಿ ಅಪರಾಧಿಯೂ ಅಲ್ಲ. ಮಗುವಿಗೆ ಹಾಲಿಗಿಂತ ಮೊದಲು ಬೇಕಾದ್ದು ಬದುಕಿರುವ ತಾಯಿ.

ನಾಳೆ ನೀನು ಆಸ್ಪತ್ರೆ ಸೇರಬೇಕಾಗಿ ಬಂದರೂ ಹೆದರಬೇಡ. ಮೊದಲು “ಮಗು ಜೊತೆಗಿರಬಹುದೇ?” ಎಂದು ಕೇಳು. ಆಗುವುದಿಲ್ಲ ಎಂದರೆ ಹಿಂಡಿ ಕಳಿಸು. ಕೈ ತೊಳೆದು, ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿಗಿಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಬೆರಳು ಕೂಡಿಸು. ಎಳೆಯಬೇಡ, ಜಾರಿಸಬೇಡ. ರಾತ್ರಿಯೂ ಸೇರಿ ದಿನಕ್ಕೆ ಏಳೆಂಟು ಸಲ ತೆಗೆದರೆ ಹಾಲು ಬತ್ತುವುದಿಲ್ಲ. ಕುದಿಸಿದ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಟ್ಟರೆ ಹೊರಗೆ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಾದರೆ ಹೊರಗಿಡುವುದೇ ಬೇಡ. ಕುಡಿಸುವಾಗ ಒಲೆಯ ಮೇಲೆ ಕಾಯಿಸದೆ ಬಿಸಿ ನೀರಿನಲ್ಲಿ ಪಾತ್ರೆ ಇಟ್ಟು ಬೆಚ್ಚಗೆ ಮಾಡಬೇಕು. ಬಾಟಲಿಯ ಬದಲು ಅಟ್ಟದಲ್ಲಿರುವ ನಿನ್ನ ಅಜ್ಜಿಯ ಕಾಲದ ಬೆಳ್ಳಿ ಒಳಲೆ ತೆಗೆಸು. ತೊಳೆಯುವುದು ಸುಲಭ, ಸಂದುಗೊಂದಿಲ್ಲ, ಮಗು ಎದೆ ಮರೆಯುವುದಿಲ್ಲ. ಇಂದಿಗೂ ನವಜಾತ ಶಿಶು ವಾರ್ಡುಗಳಲ್ಲಿ ಒಳಲೆಯನ್ನೇ ಬಳಸುತ್ತಾರೆ. ಹೆತ್ತವಳ ಹಾಲು ಸಿಗದ, ತೂಕ ಕಡಿಮೆಯಿರುವ ಕೂಸುಗಳಿಗಾಗಿ ತಾಯಿಹಾಲಿನ ಬ್ಯಾಂಕುಗಳೂ ಇವೆ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲನೆಯದನ್ನು ಶುರುಮಾಡಿದರು. ಈಗ ನಿಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಒಂದಿದೆ.

ಕಾಯಿಲೆ ಎಂದರೆ ಮೈಯದ್ದು ಮಾತ್ರ ಅಲ್ಲ, ಪುಟ್ಟಿ. ಜ್ವರ ಇಳಿದ ಮೇಲೂ ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಮಗು ಮಲಗಿದರೂ ನಿನಗೆ ನಿದ್ದೆ ಹತ್ತದಿದ್ದರೆ, ಎಲ್ಲ ಬೇಡವೆನಿಸಿದರೆ, ಅದನ್ನು ಮುಚ್ಚಿಡಬೇಡ. “ಬಾಣಂತಿ ಸನ್ನಿ, ಗಾಳಿ ಸೋಕಿದೆ” ಎಂದು ನಮ್ಮ ಕಾಲದಲ್ಲಿ ತಾಯತ ಕಟ್ಟಿಸಿ ಸುಮ್ಮನಾಗುತ್ತಿದ್ದರು. ಅದಕ್ಕೂ ಹಾಲುಣಿಸುತ್ತಲೇ ತೆಗೆದುಕೊಳ್ಳುವ ಮಾತ್ರೆಗಳಿವೆ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಮನೆಯಲ್ಲಿ ಹೇಳಲು ಸಂಕೋಚವಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನಿನ್ನ ಅತ್ತೆಯವರಿಗೆ ನನ್ನ ಕಡೆಯಿಂದ ಒಂದು ಮಾತು. ಅಕ್ಕಾ, ನೀವೂ ನಾನೂ ಬಾಣಂತನ ಕಂಡವರು. ಸಬ್ಬಸಿಗೆ ಸೊಪ್ಪು, ಮೆಂತ್ಯದ ಗಂಜಿ, ಬೆಳ್ಳುಳ್ಳಿ, ಅಂಟಿನುಂಡೆ ಯಾವುದಕ್ಕೂ ನನ್ನ ತಕರಾರಿಲ್ಲ. ಆದರೆ ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎಂಬ ನಮ್ಮ ಹಳೆಯ ಕಟ್ಟಳೆಯನ್ನು ದಯವಿಟ್ಟು ಬಿಡೋಣ. ಎದೆಹಾಲಿನಲ್ಲಿ ಶೇ. 87ಕ್ಕೂ ಹೆಚ್ಚು ಇರುವುದು ನೀರೇ. ಜ್ವರದಲ್ಲಿ ಬೆವರಿ ಮೈ ಒಣಗಿರುತ್ತದೆ, ಅದರ ಮೇಲೆ ನೀರನ್ನೂ ತಡೆದರೆ ತಾಯಿ ಸುಸ್ತಾಗುತ್ತಾಳೆ. ಗಂಜಿ ತಿಳಿ, ಸಾರು, ಮಜ್ಜಿಗೆ, ಎಳನೀರು ಅವಳು ಕೇಳಿದಷ್ಟು ಕೊಡಿ. ಹಾಲುಣಿಸುವ ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚಿಗೆ ಬೇಕು ಎಂದು ಐಸಿಎಂಆರ್ ಹೇಳುತ್ತದೆ. ಅದು ಒಂದು ಹೊತ್ತಿನ ಊಟ. ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಬೇಡ, ಇಬ್ಬರಿಗೂ ಕೆಮ್ಮು ಹೆಚ್ಚುತ್ತದೆ. ಕೂಸಿಗೆ ಜೇನು ನೆಕ್ಕಿಸಬೇಡಿ, ಒಂದು ವರ್ಷದವರೆಗೆ ಅದು ಅಪಾಯ. ನೀರೂ ಬೇಡ, ಗ್ರೈಪ್ ವಾಟರೂ ಬೇಡ, 6 ತಿಂಗಳವರೆಗೆ ಎದೆಹಾಲೊಂದೇ ಸಾಕು. ನಮ್ಮ ಅಳಿಯಂದಿರಿಗೂ ಹೇಳಿ, ಬಟ್ಟೆ ಬದಲಿಸುವುದು, ತೇಗಿಸುವುದು, ಮಲಗಿಸುವುದು ಗಂಡಸಿಗೂ ಬರುತ್ತದೆ. ಕಾಯಿಲೆ ಬಿದ್ದ ತಾಯಿಗೆ ಬಿಡುವು ಕೊಡಬೇಕಾದ್ದು ಅಡುಗೆಮನೆಯಿಂದ.

ಪುಟ್ಟಿ, ಎಚ್ಚರದ ಗುರುತುಗಳನ್ನು ಬರೆದು ಮುಗಿಸುತ್ತೇನೆ, ಗೋಡೆಗೆ ಅಂಟಿಸಿಟ್ಟುಕೋ. ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡ, ಆಗಲೇ ಡಾಕ್ಟರ ಬಳಿ ಒಯ್ಯಿ. ಹಾಲು ಕುಡಿಯಲೊಲ್ಲದೆ ಮಂಕಾಗಿ ಬಿದ್ದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ ಕೂಡಲೇ ಹೊರಡಿ. ನಿನಗೆ ಉಸಿರು ಕಟ್ಟಿದರೆ, ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ, ಜ್ವರ ಮೂರು ದಿನ ದಾಟಿದರೆ ನೀನೂ ಹೊರಡು. ಗೊತ್ತಾಗದಿದ್ದರೆ 104ಕ್ಕೆ ಕರೆ ಮಾಡಿ ಕೇಳಬಹುದು, ಆ್ಯಂಬುಲೆನ್ಸಿಗೆ 108.

ನಿನ್ನ ಜೊತೆಯಲ್ಲೇ ಹೆರಿಗೆಯಾದ ಗೆಳತಿಯರಿಗೂ ಈ ಕಾಗದ ಓದಲು ಕೊಡು. ಮಳೆಗಾಲ, ಒಂದಲ್ಲ ಒಂದು ಮನೆಯಲ್ಲಿ ಬಾಣಂತಿಗೆ ಜ್ವರ ಇದ್ದೇ ಇರುತ್ತದೆ. ಅಂಥವಳನ್ನು ನೋಡಲು ಹೋದಾಗ ಹಾಲು ಬಿಡಿಸುವ ಬುದ್ಧಿ ಯಾರೂ ಹೇಳಬೇಡಿ. ಒಂದು ಹೊತ್ತಿನ ಅಡುಗೆ ಮಾಡಿಟ್ಟು, ಅವಳು ಎರಡು ಗಂಟೆ ಮಲಗುವವರೆಗೆ ಮಗುವನ್ನು ಎತ್ತಿಕೊಂಡಿದ್ದು ಬನ್ನಿ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ